ಮುರಕಲ್ಲಿನ ಮನೆಗೆ ಹೊರಗಿನಿಂದ ನೆಟ್ ಕೇಬಲ್

ಕರಾವಳಿ, ಮಲೆನಾಡಿನ ಹಳೆಯ ಮನೆಗಳ ಗೋಡೆ ಒಂದೂವರೆ ಅಡಿ ದಪ್ಪ ಇರುವುದು ಅಪರೂಪವಲ್ಲ. ಚಾವಡಿಯಲ್ಲಿಟ್ಟ ರೌಟರಿನ ವೈ-ಫೈ ಅಂಥ ಎರಡು ಗೋಡೆ ದಾಟಿ ಹಿಂದಿನ ಕೋಣೆ ಮುಟ್ಟುವಷ್ಟರಲ್ಲಿ ಒಂದು ಕಡ್ಡಿಗೆ ಇಳಿದಿರುತ್ತದೆ. 2020ರ ಲಾಕ್‌ಡೌನ್ ಹೊತ್ತಿಗೆ ಬೆಂಗಳೂರಿನಿಂದ ಊರಿಗೆ ಬಂದು ಕೆಲಸಕ್ಕೆ ಕೂತ ಎಷ್ಟೋ ಮಂದಿಗೆ ಜಗಲಿಯ ಮೂಲೆಯೇ ಆಫೀಸಾಗಿದ್ದು ಇದೇ ಕಾರಣಕ್ಕೆ. ರಿಪೀಟರ್ ತಂದಿಡಬಹುದು, ಆದರೆ ಅದು ತನಗೆ ಸಿಕ್ಕಿದ ಸೊರಗಿದ ಸಿಗ್ನಲ್ಲನ್ನೇ ಮುಂದಕ್ಕೆ ದಾಟಿಸುತ್ತದೆ. ಕೇಬಲ್ ಎಳೆಯುವುದೇ ಲೇಸು. ಒಳಗೋಡೆ ಕೆತ್ತಿ ಪೈಪು ಹೂಳಿದರೆ ಮನೆಯಿಡೀ ಕೆಂಪು ಧೂಳು, ಆಮೇಲೆ ಗಾರೆ, ಸುಣ್ಣ. ಅದರ ಬದಲು ಒಂದು ತೂತು ಮಾಡಿ ಹೊರಗೆ ಹೋಗಿ, ಮಾಡಿನಡಿಯಲ್ಲೇ ಸಾಗಿ, ಇನ್ನೊಂದು ತೂತಿನಲ್ಲಿ ಒಳಗೆ ಬರುವುದು ಸುಲಭ. ಲೆಕ್ಕ ಹಾಕಬೇಕಾದದ್ದು ಮುಖ್ಯವಾಗಿ ಮಳೆನೀರಿನದು.

ಮೊದಲು ದಾರಿ

ಕೇಬಲ್ ಕೊಳ್ಳುವ ಮುಂಚೆ ಮನೆಗೆ ಒಂದು ಸುತ್ತು ಹಾಕಿ. ನಮ್ಮ ಕಡೆ ಮುಂಗಾರು ಬೀಸುವುದು ನೈರುತ್ಯದಿಂದ. ಆ ಮೂಲೆಯ ಗೋಡೆಗಳಿಗೆ ಇರಿಚಲು ಜಾಸ್ತಿ. ಸಾಧ್ಯವಾದರೆ ದಾರಿ ಸ್ವಲ್ಪ ಉದ್ದವಾದರೂ ಪೂರ್ವ ಇಲ್ಲವೇ ಉತ್ತರದ ಗೋಡೆಯ ಮೇಲೆ ಹೋಗಿ. ಮಾಡಿನ ಅಂಚು ಹೆಚ್ಚು ಹೊರಚಾಚಿರುವ ಕಡೆ, ಕಿಟಕಿಗಳ ಮೇಲ್ಗಡೆ, ಗೋಡೆಯ ನೆತ್ತಿಗೆ ಹತ್ತಿರವಾಗಿ ಒಂದೇ ಸಾಲಿನಲ್ಲಿ ಸಾಗಿದರೆ ಬಿಸಿಲೂ ಕಡಿಮೆ, ನೋಡಲಿಕ್ಕೂ ಅಸಹ್ಯವಾಗದು.

ಕರೆಂಟಿನ ವಯರಿನಿಂದ ಒಂದು ಗೇಣಾದರೂ ದೂರವಿರಲಿ. ದಾಟಲೇಬೇಕಾದರೆ ಅಡ್ಡಡ್ಡಲಾಗಿ ದಾಟಿ, ಜೊತೆಜೊತೆಗೆ ಓಡಿಸಬೇಡಿ. ಎರಡನ್ನೂ ಒಂದೇ ಪೈಪಿಗೆ ತುರುಕುವುದಂತೂ ಕೂಡದು. ‘ಜಾಗ ಉಂಟಲ್ಲ, ಅದರಲ್ಲೇ ಹಾಕುವ’ ಎಂದು ಇಲೆಕ್ಟ್ರಿಷಿಯನ್ ಹೇಳಿದರೂ ಒಪ್ಪಬೇಡಿ.

ಹಗ್ಗ ಹಿಡಿದು ಉದ್ದ ಅಳೆಯಿರಿ, ತಿರುವು ಮತ್ತು ಗೋಡೆಯ ದಪ್ಪ ಸೇರಿಸಿ. ಮೇಲೆ ಮೂರು ಮೀಟರ್ ಹೆಚ್ಚಿಗೆ ಇರಲಿ. ತಾಮ್ರದ ನೆಟ್ ಕೇಬಲ್ಲಿನ ಮಿತಿ 100 ಮೀಟರ್. ಒಂದು ಮನೆಯೊಳಗೆ ಅಷ್ಟು ದೂರ ಬರುವುದು ಕಡಿಮೆ.

ಕಪ್ಪು ಕೇಬಲ್, ಪೂರ್ತಿ ತಾಮ್ರ

ಅಂಗಡಿಯಲ್ಲಿ ಮಾಮೂಲಾಗಿ ಕೊಡುವ ಬೂದು ಬಣ್ಣದ ಕೇಬಲ್ ಮನೆಯೊಳಗಿನದ್ದು. ಅದರ ಪಿವಿಸಿ ಹೊದಿಕೆ ಬಿಸಿಲಿಗೆ ಕೆಲವು ವರ್ಷದಲ್ಲಿ ಸೆಟೆದು ಸೀಳುತ್ತದೆ, ಸೀಳಿನಲ್ಲಿ ನೀರು ಇಳಿಯುತ್ತದೆ. ‘ಔಟ್‌ಡೋರ್ ಕ್ಯಾಟ್6’ ಎಂದೇ ಕೇಳಿ. ಅದಕ್ಕೆ ಕಪ್ಪು ಪಾಲಿಥೀನ್ ಹೊದಿಕೆ ಇರುತ್ತದೆ. ಒಂದು ಗಿಗಾಬಿಟ್ ವೇಗಕ್ಕೆ ಅದಕ್ಕಿಂತ ಒಂದು ದರ್ಜೆ ಕೆಳಗಿನ ಕ್ಯಾಟ್5ಇ ಕೂಡ ಸಾಕು.

ಇನ್ನೊಂದು ಎಚ್ಚರ. ‘ಸಿಸಿಎ’ ಎಂಬ ಅಗ್ಗದ ಮಾಲು ಬರುತ್ತದೆ: ಒಳಗೆ ಅಲ್ಯೂಮಿನಿಯಮ್, ಮೇಲೆ ತಾಮ್ರದ ತೆಳು ಲೇಪ. ಒಂದು ಎಳೆಯನ್ನು ಬ್ಲೇಡಿನಿಂದ ಹೆರೆದು ನೋಡಿ. ಒಳಗೂ ಕೆಂಪಗಿದ್ದರೆ ತಾಮ್ರ, ಬೆಳ್ಳಗೆ ಹೊಳೆದರೆ ಸಿಸಿಎ. ನಾಲ್ಕು ಸಲ ಬಗ್ಗಿಸಿದರೆ ಅದು ಪಟ್ಟನೆ ಮುರಿಯುತ್ತದೆ. ಕೇಬಲ್ಲಿನ ಮೂಲಕವೇ ಕ್ಯಾಮೆರಾಗೆ ಕರೆಂಟ್ ಕೊಡುವ ಯೋಚನೆಯಿದ್ದರೆ ಅದನ್ನು ಮುಟ್ಟಲೇಬೇಡಿ. ಒಂದರ ಬದಲು ಎರಡು ಕೇಬಲ್ ಎಳೆದಿಡುವುದು ಜಾಣತನ. ಶ್ರಮ ಹೇಗೂ ಒಂದೇ.

ಇಲಿ, ಅಳಿಲು, ಮಂಗಗಳ ಕಾಟ ಇರುವಲ್ಲಿ ಪೈಪು ಬೇಕು. ವಯರಿಂಗಿನ ಬಿಳಿ ಪಿವಿಸಿ ಪೈಪು ಬಿಸಿಲಲ್ಲಿ ಪೆಡಸಾಗುತ್ತದೆ. ಅಡಿಕೆ ತೋಟದ ನೀರಾವರಿಗೆ ತಂದು ಉಳಿದ ಕಪ್ಪು ಎಚ್‌ಡಿಪಿಇ ಪೈಪು ಇದ್ದರೆ ಅದೇ ಒಳ್ಳೆಯದು: ಬಿಸಿಲಿಗೆ ಜಗ್ಗುವುದಿಲ್ಲ, ಮೂಲೆಯಲ್ಲಿ ನಿಧಾನ ತಿರುಗುತ್ತದೆ. ಗೋಡೆಗೆ ಹೊಡೆದ ಮೇಲೆ ಕೇಬಲ್ ತೂರಿಸಲು ಹೆಣಗುವುದಕ್ಕಿಂತ, ಅಂಗಳದಲ್ಲಿ ಪೈಪು ನೇರ ಹಾಸಿ, ಜಿಐ ತಂತಿಗೆ ಕೇಬಲ್ ಕಟ್ಟಿ ಎಳೆದುಕೊಂಡು ಆಮೇಲೆ ಏಣಿ ಹತ್ತಿ. ಪೈಪಿನ ಬಾಯಿ ಎರಡೂ ಕಡೆ ಕೆಳಮುಖವಾಗಿರಲಿ. ನಡುವೆ ಎಲ್ಲಾದರೂ ಜೋತಿದ್ದರೆ ಅಲ್ಲಿ ತಳಕ್ಕೊಂದು ಸಣ್ಣ ತೂತು ಹಾಕಿ, ಒಳಗೆ ಕೂಡಿದ ನೀರು ಹೋಗಲಿ.

ತೂತು

ಕೊರೆಯುವುದು ಒಳಗಿನಿಂದ ಹೊರಕ್ಕೆ, ಮತ್ತು ತುಸು ಇಳಿಜಾರಾಗಿ. ಒಳಬಾಯಿ ಮೇಲೆ, ಹೊರಬಾಯಿ ಒಂದೆರಡು ಬೆರಳು ಕೆಳಗೆ. ಉಲ್ಟಾ ಆದರೆ ಗೋಡೆಯ ಮೇಲೆ ಇಳಿದ ನೀರು ನೆಟ್ಟಗೆ ಕೋಣೆಗೆ ಬರುತ್ತದೆ. ಸ್ವಿಚ್‌ಬೋರ್ಡಿನ ನೇರ ಮೇಲೆ, ಕೆಳಗೆ, ಅಕ್ಕಪಕ್ಕ ಕೊರೆಯಬೇಡಿ. ಗೋಡೆಯೊಳಗಿನ ವಯರು ಹೋಗಿರುವುದು ಅಲ್ಲೇ.

ಗೋಡೆಯ ದಪ್ಪಕ್ಕಿಂತ ಉದ್ದದ ಬಿಟ್ ಬೇಕು. ಮುರಕಲ್ಲು ಮೆದು, ಡ್ರಿಲ್ಲಿನ ಹ್ಯಾಮರ್ ಹಾಕದೆಯೂ ಕೊರೆಯುತ್ತದೆ. ತೊಂದರೆ ಇರುವುದು ಕೊನೆಯ ಎರಡು ಇಂಚಿನಲ್ಲಿ: ಜೋರಾಗಿ ಒತ್ತಿದರೆ ಹೊರಗಿನ ಗಾರೆ ತಟ್ಟೆಯಗಲಕ್ಕೆ ಕಿತ್ತು ಬೀಳುತ್ತದೆ. 6 ಮಿಲಿಮೀಟರಿನ ಬಿಟ್ಟಿನಿಂದ ದಾರಿ ಮಾಡಿಕೊಂಡು, ಆಮೇಲೆ ಹೊರಗಿನಿಂದ 10ರ ಬಿಟ್ ಹಾಕಿದರೆ ಅಂಚು ಚೊಕ್ಕಟ. ಒಂದು ಕೇಬಲ್ಲಿಗೆ ಅಷ್ಟೇ ಸಾಕು, ಎರಡಕ್ಕೆ 16ರದ್ದು ಬೇಕು. ಪ್ಲಗ್ ಮೊದಲೇ ಹಾಕಿದ ಕೇಬಲ್ ಕೊಂಡರೆ ಆ ಪ್ಲಗ್ ತೂರಲಿಕ್ಕೇ ದೊಡ್ಡ ತೂತು ಮಾಡಬೇಕು. ಹಾಗಾಗಿ ಪ್ಲಗ್ ಆಮೇಲೆ.

ಹೊರಗೆ ಕೇಬಲ್ ತೂತಿನ ಮಟ್ಟಕ್ಕಿಂತ ಒಂದು ಗೇಣು ಕೆಳಗಿಳಿದು, ತಿರುಗಿ ಮೇಲಕ್ಕೆ ಬಂದು ಒಳಹೋಗಬೇಕು. ಕೇಬಲ್ ಹಿಡಿದು ಹರಿದು ಬಂದ ನೀರು ಆ ಬಳುಕಿನ ತಳದಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಬಳುಕು ಅಗಲವಾಗಿರಲಿ, ಕೇಬಲ್ ಮಡಚಿದರೆ ಒಳಗೆ ಎರಡೆರಡಾಗಿ ತಿರುಚಿದ ಎಳೆಗಳ ಜೋಡಿಗಳು ಹಾಳಾಗುತ್ತವೆ. ಕಡೆಗೆ ತೂತಿನ ಎರಡೂ ಬಾಯಿಗೆ ಸಿಲಿಕಾನ್ ತುಂಬಿ. ಇಲ್ಲದಿದ್ದರೆ ನೀರಿಗಿಂತ ಮೊದಲು ಇರುವೆ ಬರುತ್ತದೆ.

ಒಂದೂವರೆ ಅಡಿಗೊಂದು ಕ್ಲ್ಯಾಂಪ್ ಹಾಕಿ. ಮುರಕಲ್ಲಿನಲ್ಲಿ ಗಿಡ್ಡ ಸ್ಕ್ರೂ ನಿಲ್ಲುವುದಿಲ್ಲ, ಎರಡಿಂಚಿನದ್ದು, ಗೋಡೆಗೆ ಹೊಡೆಯುವ ಪ್ಲಾಸ್ಟಿಕ್ ಪ್ಲಗ್ ಸಮೇತ ಬೇಕು.

ಪ್ಲಗ್ ಕಟ್ಟುವುದು

ಕ್ರಿಂಪಿಂಗ್ ಟೂಲ್ (ಪ್ಲಗ್ ಒತ್ತಿ ಕೂರಿಸುವ ಇಕ್ಕಳ), ಆರ್‌ಜೆ45 ಪ್ಲಗ್‌ಗಳು, ಎಂಟು ದೀಪದ ಟೆಸ್ಟರ್ ಇಷ್ಟಿದ್ದರೆ ಆಯಿತು. ಹೊದಿಕೆ ಒಂದು ಇಂಚು ಬಿಡಿಸಿ, ಜೋಡಿಗಳ ತಿರುಚು ಬಿಚ್ಚಿ, ಎಳೆಗಳನ್ನು ಬೆರಳ ನಡುವೆ ನೀವಿ ನೆಟ್ಟಗೆ ಮಾಡಿ. ಪ್ಲಗ್ಗಿನ ಕೊಂಡಿ ಕೆಳಗಿರಲಿ, ಬಾಯಿ ನಿಮ್ಮ ಕಡೆ ಇರಲಿ. ಎಡದಿಂದ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಕ್ರಮ. ಅರ್ಧ ಇಂಚಿಗೆ ಸಮನಾಗಿ ಕತ್ತರಿಸಿ ತೂರಿಸಿ. ಪ್ಲಗ್ಗಿನ ಮೂತಿಯನ್ನು ಬೆಳಕಿಗೆ ಹಿಡಿದರೆ ಎಂಟು ತಾಮ್ರದ ಚುಕ್ಕಿ ಕಾಣಬೇಕು, ಕಪ್ಪು ಹೊದಿಕೆ ಪ್ಲಗ್ಗಿನೊಳಗೆ ಹೋಗಿರಬೇಕು. ಆಮೇಲೆ ಒತ್ತಿ. ಹೊರಗೆ ಮಾತ್ರ ಎಲ್ಲೂ ಗಂಟು, ಜೋಡಣೆ ಬೇಡ.

ಸಿಡಿಲು

ಏಪ್ರಿಲ್, ಮೇ ತಿಂಗಳ ಸಂಜೆ ಮೋಡ ಕವಿದರೆ, ಗುಡುಗುವ ಮುಂಚೆಯೇ ಎರಡೂ ತುದಿಯ ಪ್ಲಗ್ ಕಿತ್ತಿಡಿ. ಸಿಡಿಲು ಮನೆಗೇ ಬಡಿಯಬೇಕಿಲ್ಲ, ಹತ್ತಿರ ಬಿದ್ದರೂ ಉದ್ದನೆಯ ತಾಮ್ರದಲ್ಲಿ ಹುಟ್ಟುವ ವೋಲ್ಟೇಜು ರೌಟರ್ ಸುಡಲು ಸಾಕು. ಮನೆಯಿಂದ ಕೊಟ್ಟಿಗೆಗೋ ಅಂಗಳದಾಚೆಯ ಗೋದಾಮಿಗೋ ಹೋಗುವುದಾದರೆ ತಾಮ್ರ ಬಿಟ್ಟು ಫೈಬರ್ ಹಾಕಿ, ಎರಡು ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ತಾಮ್ರದ ಕೇಬಲ್ಲಿನ ಸಿಗ್ನಲ್ಲಾಗಿ ಬದಲಿಸುವ ಪೆಟ್ಟಿಗೆ) ಇಡಿ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಗಟ್ಟಿಗೆಂದು ಉಕ್ಕಿನ ತಂತಿ ಸೇರಿಸಿದ ಫೈಬರ್ ಬೇಡ, ಲೋಹವಿಲ್ಲದ್ದನ್ನೇ ಕೇಳಿ.

ಆ ಕೋಣೆಯಲ್ಲಿ

ಮೂಲೆಗೆ ಬಿದ್ದ ಹಳೆಯ ರೌಟರ್ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅದರ ಡಿಎಚ್‌ಸಿಪಿ (ಸಾಧನಗಳಿಗೆ ತಾನಾಗಿ ನೆಟ್ ವಿಳಾಸ ಹಂಚುವ ವ್ಯವಸ್ಥೆ) ಆರಿಸಿ, ಮುಖ್ಯ ರೌಟರಿನ ವಿಳಾಸ 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ (ಆ ವಿಳಾಸ ಬೇರೆ ಯಾವುದಕ್ಕೂ ಹೋಗದಂತೆ ನೋಡಿಕೊಳ್ಳಿ). ಕೇಬಲ್ಲನ್ನು ವ್ಯಾನ್ ಕಿಂಡಿಗಲ್ಲ, ಲ್ಯಾನ್ ಕಿಂಡಿಗೆ ಹಾಕಿ. ವೈ-ಫೈ ಹೆಸರು, ಪಾಸ್‌ವರ್ಡ್ ಎರಡೂ ಕಡೆ ಒಂದೇ ಇರಲಿ, 2.4 ಗಿಗಾಹರ್ಟ್ಸ್‌ನ ಚಾನೆಲ್ ಒಂದಕ್ಕೆ 1, ಇನ್ನೊಂದಕ್ಕೆ 6 ಅಥವಾ 11 ಆಗಲಿ.

ಕೊನೆಗೆ ಲ್ಯಾಪ್‌ಟಾಪಿಗೆ ನೇರ ಕೇಬಲ್ ಚುಚ್ಚಿ ಲಿಂಕ್ ಸ್ಪೀಡ್ ನೋಡಿ. 1000 (ಎಂಬಿಪಿಎಸ್, ಅಂದರೆ ಒಂದು ಗಿಗಾಬಿಟ್) ಎಂದು ತೋರಿಸಿದರೆ ನಾಲ್ಕೂ ಜೋಡಿ ಸರಿಯಾಗಿವೆ. 100 ಎಂದು ಬಂದರೆ, ಮತ್ತು ರೌಟರ್, ಲ್ಯಾಪ್‌ಟಾಪ್ ಎರಡೂ ಗಿಗಾಬಿಟ್‌ನವೇ ಆಗಿದ್ದರೆ, ಯಾವುದೋ ಎಳೆ ಕಚ್ಚಿಲ್ಲ. ಟೆಸ್ಟರಿನಲ್ಲಿ ಯಾವ ದೀಪ ಹೊತ್ತಲಿಲ್ಲ ನೋಡಿ, ಆ ಎಳೆ ಸರಿಯಾಗಿ ಕೂರದ ಪ್ಲಗ್ ಕತ್ತರಿಸಿ ಬೇರೆ ಕಟ್ಟಿ. ಮೂರು ಮೀಟರ್ ಹೆಚ್ಚಿಗೆ ಬಿಡಿ ಎಂದದ್ದು ಅದಕ್ಕೇ.