ಮೈಸೂರಿನ ಏಪ್ರಿಲ್‌ನಲ್ಲಿ ಮೈನಸ್ 40 ಡಿಗ್ರಿ

ನನ್ನ 2008ರ ಪೆಟ್ರೋಲ್ ಕಾರು ಹದಿನೈದು ದಿನಗಳಿಂದ ಕಪ್ಪು ಹೊಗೆ ಉಗುಳುತ್ತಿತ್ತು. ಕೀಲಿ ತಿರುಗಿಸಿದರೆ ಸಾಕು, ರೇಡಿಯೇಟರ್ ಫ್ಯಾನ್ ಬೊಬ್ಬೆ ಹಾಕುತ್ತಿತ್ತು. ಎಂಜಿನ್ ಎಚ್ಚರಿಕೆಯ ದೀಪವೂ ಹೊತ್ತಿತ್ತು. ಕಾರಿನ ದೋಷ ಓದುವ ಸ್ಕ್ಯಾನರ್ ತೋರಿಸಿದ ಕೋಡ್ ಪಿ0118. ಗ್ಯಾರೇಜಿನವರು ‘ಕೂಲೆಂಟ್ ಸೆನ್ಸರ್ ಹೋಗಿದೆ ಸಾರ್’ ಎಂದರು. ಎಂಜಿನ್ ತಣಿಸುವ ದ್ರವದ ಬಿಸಿ ಅಳೆಯುವ ಸಾಧನವದು, ಹೊಸದು ಹಾಕಿಸಿದೆ. ಮರುದಿನ ಅದೇ ದೀಪ, ಅದೇ ಹೊಗೆ.

ಆ ಕೋಡ್ ಸೆನ್ಸರ್ ಕೆಟ್ಟಿದೆ ಎನ್ನುವುದಿಲ್ಲ. ಆ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಹೆಚ್ಚಾಗಿದೆ ಎನ್ನುತ್ತದೆ, ಅಷ್ಟೇ. ಈ ಸೆನ್ಸರ್ ತಣ್ಣಗಿದ್ದಷ್ಟೂ ಅದರ ವಿದ್ಯುತ್ ರೋಧ ಹೆಚ್ಚು. ತಂತಿಯೇ ತುಂಡಾದರೆ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಅದನ್ನು ಘೋರ ಚಳಿ ಎಂದು ತಿಳಿದು ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಅದಕ್ಕೇ ಕಪ್ಪು ಹೊಗೆ. ಸೆನ್ಸರಿನ ಮಾತು ನಂಬಲಾಗದೆ, ಮುನ್ನೆಚ್ಚರಿಕೆಗೆ ಫ್ಯಾನನ್ನೂ ಓಡಿಸುತ್ತದೆ. ಸ್ಕ್ಯಾನರಿನಲ್ಲಿ ಕಂಡದ್ದು ಮೈನಸ್ 40 ಡಿಗ್ರಿ!

ಸೆನ್ಸರಿನಿಂದ ಕನೆಕ್ಟರ್ ಕಳಚಿ, ಅದರ ತಂತಿ ಬದಿಯ ಎರಡು ಪಿನ್‌ಗಳನ್ನು ಸಣ್ಣ ತಂತಿಯಿಂದ ಜೋಡಿಸಿದೆ. ವೈರಿಂಗ್ ಸರಿಯಿದ್ದರೆ ಅಂಕಿ ನೂರನ್ನು ದಾಟಿ ಜಿಗಿಯಬೇಕಿತ್ತು. ಕದಲಲಿಲ್ಲ. ಟೇಪು ಬಿಚ್ಚುತ್ತಾ ಹೋದಾಗ ಬ್ಯಾಟರಿಯ ಹಿಂದೆ ಇಲಿ ಕಡಿದ ತಂತಿ ಸಿಕ್ಕಿತು, ಪಕ್ಕದಲ್ಲೇ ಅರ್ಧ ತಿಂದ ಕಡಲೆಕಾಯಿ. ಬೆಸುಗೆ ಹಾಕಿ, ಶಾಖಕ್ಕೆ ಕುಗ್ಗುವ ಕೊಳವೆ ತೊಡಿಸಿ, ಕೋಡ್ ಅಳಿಸಿದೆ. ಅಂಕಿ 31ಕ್ಕೆ ಬಂತು, ಫ್ಯಾನ್ ಸುಮ್ಮನಾಯಿತು.

ಹಳೆಯ ಸೆನ್ಸರನ್ನು ಬಿಸಿನೀರಿನಲ್ಲಿಟ್ಟು ಮಲ್ಟಿಮೀಟರಿನಿಂದ ಅಳೆದೆ. ನೀರು ಆರಿದಂತೆಲ್ಲ ರೋಧ ನಿಯತ್ತಾಗಿ ಏರಿತು. ಪಾಪ, ಅದರ ತಪ್ಪೇನೂ ಇರಲಿಲ್ಲ, ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದೇನೆ.