ಸ್ಲೀವ್ ಅಂದಾಗ ನನಗೆ ರವಿಕೆ ತೋಳೇ ನೆನಪಾಗಿದ್ದು

ನಾನು ಮಂಡ್ಯದಲ್ಲಿ ರವಿಕೆ ಹೊಲಿಯುವವಳು. ಹೊಲಿಗೆ ಟೇಪು 60 ಇಂಚು ಇರುತ್ತದೆ. 2022ರಲ್ಲಿ ಅದನ್ನು ನನ್ನ ಹೊಟ್ಟೆಗೆ ಸುತ್ತಿದರೆ ಬರೀ ಎಂಟು ಇಂಚು ಮಿಗುತ್ತಿತ್ತು. ಎತ್ತರ 155 ಸೆಂಟಿಮೀಟರ್, ತೂಕ 104 ಕೆಜಿ, ಎತ್ತರಕ್ಕೆ ತೂಕ ಎಷ್ಟು ಅಂತ ಅಳೆಯುವ ಲೆಕ್ಕ, ಬಿಎಂಐ, 43. ಶುಗರ್‌ಗೆ ದಿನಕ್ಕೆ ಮೂರು ಮಾತ್ರೆ ನುಂಗಿದರೂ ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 8.6. ರಾತ್ರಿ ಗೊರಕೆ ಮಧ್ಯೆ ನನ್ನ ಉಸಿರು ನಿಂತು ನಿಂತು ಬರುತ್ತೆ ಅಂತ ನಮ್ಮನೆಯವರು ಎದ್ದು ಕೂರುತ್ತಿದ್ದರು.

ಪಥ್ಯ ಮಾಡಿರಲಿಲ್ಲ ಅಂತಲ್ಲ. ಮೂರು ಸಲ ಹತ್ತು ಹನ್ನೆರಡು ಕೆಜಿ ಇಳಿಸಿದ್ದೆ. ಮೂರು ಸಲವೂ ಬಡ್ಡಿ ಸಮೇತ ವಾಪಸ್ ಬಂತು. ತೂಕ ಇಳಿಸಲು ಹೊಟ್ಟೆಯ ಆಪರೇಷನ್ ಮಾಡಿಸಿಕೊಳ್ಳುವ ವಿಷಯ ತೆಗೆದಾಗ ಅಮ್ಮ ಅಂದದ್ದು ಒಂದೇ ಮಾತು: "ಹೊಟ್ಟೆ ಕುಯ್ಸ್ಕೊಂಡು ಏನ್ ಉದ್ಧಾರ ಆಗ್ಬೇಕವ್ವ? ಬಾಯಿ ಕಟ್ಟು, ಸಾಕು."

ನಿರ್ಧಾರ ಮಾಡಲು ನನಗೆ 14 ತಿಂಗಳು ಹಿಡಿಯಿತು. ಮೊದಲು ಹೋದ ಆಸ್ಪತ್ರೆಯಲ್ಲಿ ಹತ್ತು ನಿಮಿಷ ಮಾತಾಡಿ, ತಿಂಗಳ ಕೊನೆಯೊಳಗೆ ಅಡ್ವಾನ್ಸ್ ಕಟ್ಟಿದರೆ ಡಿಸ್ಕೌಂಟ್ ಅಂದರು. ಆಷಾಢದ ಸೀರೆ ಸೇಲ್ ನೆನಪಾಗಿ ಎದ್ದು ಬಂದೆ.

ಎರಡನೆಯವರು ಮೈಸೂರಿನ ಸರ್ಜನ್. ಹಾಳೆ ಮೇಲೆ ಚಿತ್ರ ಬರೆದು "ಸ್ಲೀವ್" ಅಂದರು. ನನಗೆ ನಗು ಬಂತು. ದಿನಾ ನಾಲ್ಕಾರು ತೋಳು ಕತ್ತರಿಸುವವಳು ನಾನು. ಜಠರವನ್ನು ಉದ್ದಕ್ಕೆ ಕತ್ತರಿಸಿ ಸುಮಾರು ಮುಕ್ಕಾಲು ಭಾಗ ಹೊರಗೆ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಅಂಚಿಗೆ ಸ್ಟೇಪ್ಲರ್ ಹೊಲಿಗೆ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಜಾಸ್ತಿ ತಯಾರಾಗುವುದು ತೆಗೆದುಹಾಕುವ ಆ ಭಾಗದಲ್ಲೇ. ಇನ್ನೊಂದು ದಾರಿ ಬೈಪಾಸ್. ಜಠರದ ಮೇಲ್ಗಡೆ ಸಣ್ಣ ಚೀಲ ಮಾಡಿ, ಕರುಳನ್ನು ತಂದು ಅದಕ್ಕೆ ಜೋಡಿಸುತ್ತಾರೆ. ಎದೆಯುರಿ ಇರುವವರಿಗೆ ಸ್ಲೀವ್ ಆದಮೇಲೆ ಅದು ಹೆಚ್ಚಾಗಬಹುದು, ಹಾಗಾಗಿ ಬೈಪಾಸ್ ವಾಸಿ. ಆದರೆ ಬೈಪಾಸ್‌ನಲ್ಲಿ ವಿಟಮಿನ್ ಕೊರತೆ ಜಾಸ್ತಿ. ನನಗೆ ಎದೆಯುರಿ ಇರಲಿಲ್ಲ, ಎಂಡೋಸ್ಕೋಪಿಯಲ್ಲೂ ತೊಂದರೆ ಕಾಣಲಿಲ್ಲ. ಸ್ಲೀವ್ ಸಾಕು ಅಂದರು.

ನನ್ನನ್ನು ಕಾಡಿದ್ದು ಬೇರೆ ವಿಷಯ. ರವಿಕೆಯಾದರೆ ಒಳಗೆ ಬಟ್ಟೆ ಬಿಟ್ಟಿರುತ್ತೇವೆ. ಹೊಲಿಗೆ ಬಿಚ್ಚಿ ಸಡಿಲ ಮಾಡಬಹುದು. ಇಲ್ಲಿ ಒಳಗೆ ಬಟ್ಟೆ ಬಿಡುವ ಮಾತೇ ಇಲ್ಲ. ಕತ್ತರಿಸಿದ್ದು ಹೋಯಿತು.

"ಸತ್ತುಗಿತ್ತು ಹೋದರೆ?" ಅಂತ ನೇರವಾಗಿ ಕೇಳಿದೆ. ಹೊಲಿಗೆ ಸೋರಬಹುದು, ರಕ್ತ ಹೋಗಬಹುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು ಅಂತ ಒಂದೂ ಮುಚ್ಚಿಡದೆ ಹೇಳಿದರು. ಪಳಗಿದ ಕೈಯಲ್ಲಿ ಜೀವಕ್ಕೆ ಇರುವ ಅಪಾಯ ಪಿತ್ತಕೋಶದ ಆಪರೇಷನ್‌ನಷ್ಟೇ ಅಂದರು. ಆಮೇಲೆ ಅವರೇ ಕೇಳಿದರು: "ಶುಗರ್ ಇನ್ನು ಹತ್ತು ವರ್ಷ ಹೀಗೇ ಇದ್ದರೆ ಏನಾಗುತ್ತೆ, ಗೊತ್ತಾಮ್ಮ?" ಗೊತ್ತಿತ್ತು. ನಮ್ಮಪ್ಪನ ಬಲಗಾಲನ್ನು ಮೊಣಕಾಲ ಕೆಳಗೆ ತೆಗೆದಾಗ ಆಸ್ಪತ್ರೆಯಲ್ಲಿ ಪಕ್ಕದಲ್ಲಿದ್ದವಳು ನಾನೇ. ಆಪರೇಷನ್ ಮಾಡಿಸಿಕೊಳ್ಳೋಣ ಅಂತ ಮನಸ್ಸು ಗಟ್ಟಿಯಾಗಿದ್ದು ಸರ್ಜನ್ ಹಾಗೆ ಕೇಳಿದ ದಿನವೇ.

ದುಡ್ಡಿನ ವಿಷಯ. ವಿಮೆಯವರು ಇದನ್ನು ಬ್ಯೂಟಿ ಪಾರ್ಲರ್ ಖರ್ಚು ಅಂದುಕೊಳ್ಳುತ್ತಾರೆ ಅಂತ ನಾನು ನಂಬಿದ್ದೆ. ಹಾಗಲ್ಲ. ವಿಮಾ ಕಂಪನಿಗಳಿಗೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐ 2019ರಲ್ಲಿ ಹೊರಡಿಸಿದ ನಿಯಮದ ಪ್ರಕಾರ ಬಿಎಂಐ 40 ದಾಟಿದ್ದರೆ, ಅಥವಾ 35 ದಾಟಿ ಹತೋಟಿಗೆ ಬಾರದ ಶುಗರ್, ಹೃದ್ರೋಗದಂಥ ಕಾಯಿಲೆ ಇದ್ದರೆ, ಬೊಜ್ಜಿನ ಆಪರೇಷನ್ ಅನ್ನುವ ಒಂದೇ ಕಾರಣಕ್ಕೆ ತಳ್ಳಿಹಾಕುವಂತಿಲ್ಲ. ಆದರೆ ಪಾಲಿಸಿಯ ಕಾಯುವ ಅವಧಿ ಮುಗಿದಿರಬೇಕು. ಡಾಕ್ಟರ ಲೆಕ್ಕ ಬೇರೆ. ನಮ್ಮ ಏಷ್ಯಾದ ಮೈಕಟ್ಟಿಗೆ ಅವರು ಇನ್ನೂ ಕಡಿಮೆ ಬಿಎಂಐಗೇ ಆಪರೇಷನ್ ಸಲಹೆ ಮಾಡುತ್ತಾರೆ. ಎರಡನ್ನೂ ವಿಚಾರಿಸಿಕೊಳ್ಳಿ.

ಆಪರೇಷನ್‌ಗೆ ಮುಂಚೆ ಎರಡು ವಾರ ಹೆಚ್ಚುಕಡಿಮೆ ಬರೀ ಗಂಜಿ, ಪ್ರೋಟೀನ್ ಪುಡಿ. ಕೊಬ್ಬು ತುಂಬಿದ ಲಿವರ್ ಕುಗ್ಗಿ ಒಳಗೆ ಜಾಗ ಆಗಲಿ ಅಂತ. ನಿಜ ಹೇಳುತ್ತೇನೆ, ಆಪರೇಷನ್‌ಗಿಂತ ಆ ಎರಡು ವಾರವೇ ಕಷ್ಟವಾಗಿತ್ತು. ಹೊಟ್ಟೆ ಮೇಲೆ ಐದು ತೂತು, ಮೂರು ರಾತ್ರಿ ಆಸ್ಪತ್ರೆ. ಅವತ್ತು ಸಂಜೆಯೇ ಎಬ್ಬಿಸಿ ನಡೆಸಿದರು. ಗಾಯಕ್ಕಿಂತ, ಆಪರೇಷನ್ ಹೊತ್ತಿನಲ್ಲಿ ಹೊಟ್ಟೆಯೊಳಗೆ ಗ್ಯಾಸ್ ತುಂಬಿದ್ದಕ್ಕೆ ಭುಜ ನೋಯುತ್ತಿತ್ತು. ನೀರು ಕುಡಿದದ್ದು ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ, ಗುಟುಕು ಗುಟುಕಾಗಿ.

ಎರಡು ವಾರ ತೆಳ್ಳಗಿನದು, ಆಮೇಲೆ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತನೆಯದು. ಇದೆಲ್ಲ ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಬರೆಯದೆ ಬಿಟ್ಟದ್ದು ನಮ್ಮ ಮುದ್ದೆಯ ವಿಷಯ.

ಐದನೇ ತಿಂಗಳು ಅಮ್ಮನ ಮನೆಗೆ ಹೋಗಿದ್ದೆ. ರಾಗಿ ಮುದ್ದೆ, ಹುರುಳಿಕಾಳಿನ ಬಸ್ಸಾರು. ಮುದ್ದೆ ಯಾರಾದರೂ ಅಗಿಯುತ್ತಾರಾ? ಹುಟ್ಟಿದಾಗಿನಿಂದ ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಅದ್ದಿ ನುಂಗಿದ ಅಭ್ಯಾಸ. ಗೋಲಿಯಷ್ಟು ಒಂದು ತುತ್ತು ಹಾಗೇ ನುಂಗಿಬಿಟ್ಟೆ. ಎದೆಯ ನಡುವೆ ಕಲ್ಲು ಸಿಕ್ಕಿಕೊಂಡ ಹಾಗಾಯಿತು. ಬಾಯಿತುಂಬ ನೊರೆನೊರೆ ಜೊಲ್ಲು. ನೀರು ಕುಡಿದರೆ ಅದೂ ವಾಪಸ್. ಮುಕ್ಕಾಲು ಗಂಟೆ ಹಿತ್ತಲ ಕಟ್ಟೆ ಮೇಲೆ ಬೆವರುತ್ತಾ ಕೂತಿದ್ದೆ. ಕೊನೆಗೆ ವಾಂತಿಯಾಗಿ ಹೊರಗೆ ಬಂತು. ಅಮ್ಮ ಬೆನ್ನು ನೀವುತ್ತಾ ಆಪರೇಷನ್ ಮಾಡಿದವರಿಗೆಲ್ಲ ಶಾಪ ಹಾಕುತ್ತಿದ್ದರು. ಈಗ ಮುದ್ದೆ ತಿನ್ನುತ್ತೇನೆ, ಕಡಲೆಬೀಜದಷ್ಟು ತುತ್ತು ಮಾಡಿ, ಅಗಿದು. ರುಚಿ ಏನೂ ಚೆನ್ನಾಗಿರಲ್ಲ ಬಿಡಿ.

ಮೂರನೇ ತಿಂಗಳಿನಿಂದ ಕೂದಲು ಉದುರಿ ಜಡೆ ಇಲಿಬಾಲದಂತಾಯಿತು. ಒಂದು ವರ್ಷದೊಳಗೆ ಮತ್ತೆ ಬಂತು. ಊಟದ ಜೊತೆ ನೀರಿಲ್ಲ, ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ದಿನಕ್ಕೆ 60 ಗ್ರಾಂ ಪ್ರೋಟೀನ್ ಅಂದರೆ ತಟ್ಟೆಯಲ್ಲಿ ಮೊದಲು ಮೊಟ್ಟೆ, ಪನೀರು, ಕಾಳು. ಜಾಗ ಉಳಿದರೆ ಅನ್ನ. ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಜೀವನಪೂರ್ತಿ. ಮಗು ಬೇಕು ಅನ್ನುವವರು ಒಂದು, ಒಂದೂವರೆ ವರ್ಷ ಕಾಯಬೇಕು.

ಹಸಿವು ನಿಜಕ್ಕೂ ಹೋಯಿತು. ಬಾಯಿ ಚಪಲ ಹೋಗಲಿಲ್ಲ. ಚಪಾತಿ ಅರ್ಧಕ್ಕೇ ನಿಲ್ಲುತ್ತದೆ, ಐಸ್‌ಕ್ರೀಮು ಮಾತ್ರ ಜಾರಿಕೊಂಡು ಹೋಗುತ್ತದೆ. ಕೋಡುಬಳೆಯೂ ಅಷ್ಟೇ, ಹೊಲಿಯುತ್ತಾ ಒಂದೊಂದೇ ಬಾಯಿಗೆ ಹಾಕಿಕೊಂಡರೆ ಸಂಜೆಗೆ ಪೊಟ್ಟಣ ಖಾಲಿ. ಇದಕ್ಕೆ ಸರ್ಜನ್ ಹತ್ತಿರ ಸ್ಟೇಪ್ಲರ್ ಇಲ್ಲ.

ಈಗ ಗಿರಾಕಿಗಳು, "ಅಕ್ಕ, ಇಂಜೆಕ್ಷನ್ ಬಂದಿದೆಯಂತಲ್ಲ, ಸುಮ್ನೆ ಯಾಕೆ ಕುಯ್ಸ್ಕೊಂಡ್ರಿ?" ಅಂತಾರೆ. ತೂಕ ಇಳಿಸುವ ಆ ಇಂಜೆಕ್ಷನ್, ಮೌಂಜಾರೊ, ಇಲ್ಲಿಗೆ ಬಂದದ್ದು 2025ರಲ್ಲಿ. ನನ್ನ ಆಪರೇಷನ್ ಆಗಿದ್ದು 2023ರಲ್ಲಿ. ಆಗಲೇ ಇದ್ದಿದ್ದರೆ ಡಾಕ್ಟರನ್ನು ಮೊದಲು ಅದನ್ನೇ ಕೇಳುತ್ತಿದ್ದೆ. ಆದರೆ ನಿಲ್ಲಿಸಿದರೆ ಬಹಳ ಜನಕ್ಕೆ ತೂಕ ವಾಪಸ್ ಬರುತ್ತದೆ, ತಿಂಗಳ ಖರ್ಚೂ ಕಮ್ಮಿಯಿಲ್ಲ.

ನನ್ನ ಶುಗರ್ ಮಾತ್ರೆ ಮೂರರಿಂದ ಒಂದಕ್ಕೆ ಇಳಿಯಿತು. ಎಚ್‌ಬಿಎ1ಸಿ 6.1. ನಮ್ಮನೆಯವರು ರಾತ್ರಿ ನಿದ್ದೆ ಮಾಡುತ್ತಾರೆ. ವರ್ಷಕ್ಕೆ ತೂಕ 71ಕ್ಕೆ ಬಂದಾಗ ಖುಷಿಯಲ್ಲಿ ಹಳೇ ರವಿಕೆಗಳನ್ನೆಲ್ಲ ಬಿಗಿ ಮಾಡಿದೆ. ಒಳಗಿನ ಬಟ್ಟೆ ಮಾತ್ರ ಕತ್ತರಿಸಲಿಲ್ಲ. ಈಗ 76 ಇದ್ದೇನೆ. ಹೋದ ವಾರ ಮದುವೆಗೆ ಹೋಗುವ ಮುಂಚೆ ಕೂತು ಎರಡು ರವಿಕೆಗೆ ಒಂದೊಂದು ಹೊಲಿಗೆ ಬಿಚ್ಚಿದೆ.