ನ್ಯೂಜಿಲೆಂಡಿನಲ್ಲಿ ಕೋವಿ ಮಾತು ಬಂದಾಗ: ಹೊಸದಾಗಿ ಬಂದ ಕನ್ನಡಿಗರಿಗೆ

ಕ್ಯಾಂಟರ್ಬರಿ, ಸೌತ್‌ಲ್ಯಾಂಡ್, ವೈಕಾಟೊ ಕಡೆ ಡೈರಿ ಫಾರ್ಮಿನ ಕೆಲಸಕ್ಕೆ ಬಂದವರು ಒಂದಲ್ಲ ಒಂದು ದಿನ ಈ ಮಾತು ಕೇಳಿಯೇ ಕೇಳುತ್ತೀರಿ. ಟೀ ಕುಡಿಯುವಾಗ ಯಾರೋ 2019ರ ಬಂದೂಕು ನಿಷೇಧದ ವಿಷಯ ತೆಗೆಯುತ್ತಾರೆ, ಇನ್ನೊಬ್ಬರ ಮುಖ ಬಿಗಿಯಾಗುತ್ತದೆ. ನಮ್ಮವರು ಆಗ ಸಾಮಾನ್ಯವಾಗಿ ಅಮೆರಿಕದ ಲೆಕ್ಕ ಹಾಕಿಬಿಡುತ್ತಾರೆ. ಬಂದೂಕು ಕಳೆದುಕೊಂಡಿದ್ದಕ್ಕೆ ಸಿಟ್ಟಾದವನು ಅಂದ್ರೆ ಕೆಟ್ಟವನೇ ಇರಬೇಕು ಅಂತ. ಹಾಗಲ್ಲ. ನಾನೂ ಬಂದ ಹೊಸದರಲ್ಲಿ ಹಾಗೇ ಅಂದುಕೊಂಡಿದ್ದೆ, ಪಕ್ಕದ ಫಾರ್ಮಿನ ಹಿರಿಯರೊಬ್ಬರ ಜೊತೆ ಒಂದು ದಿನ ಕಾರಿನಲ್ಲಿ ಹೋಗಿ ಬಂದ ಮೇಲೆ ಅಭಿಪ್ರಾಯ ಬದಲಾಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಏನಾಯಿತು ಅಂತ ತಿಳಿದುಕೊಳ್ಳಿ. 2019ರ ಮಾರ್ಚ್ 15, ಶುಕ್ರವಾರ. ಕ್ರೈಸ್ಟ್‌ಚರ್ಚಿನ ಅಲ್ ನೂರ್ ಮಸೀದಿ ಮತ್ತು ಲಿನ್‌ವುಡ್ ಇಸ್ಲಾಮಿಕ್ ಸೆಂಟರಿನಲ್ಲಿ ಪ್ರಾರ್ಥನೆಗೆ ಸೇರಿದ್ದವರ ಮೇಲೆ ಒಬ್ಬ ಗುಂಡು ಹಾರಿಸಿದ. 51 ಜನ ಸತ್ತರು. ನಮ್ಮ ದೇಶದಿಂದ ಬಂದವರೂ ಅವರಲ್ಲಿ ಇದ್ದರು. ಕೊಂದವನು ಆಸ್ಟ್ರೇಲಿಯಾದವನು, ಆದರೆ ಅವನ ಹತ್ತಿರ ಇಲ್ಲಿನ ಸಾಮಾನ್ಯ ದರ್ಜೆಯ ಬಂದೂಕು ಲೈಸೆನ್ಸ್ ಇತ್ತು. ಸೆಮಿ ಆಟೋಮ್ಯಾಟಿಕ್ ಬಂದೂಕುಗಳನ್ನು (ಕುದುರೆ ಒತ್ತಿದಾಗೆಲ್ಲ ಒಂದು ಗುಂಡು ಹಾರಿ, ಮುಂದಿನದು ತಾನಾಗಿ ಸಿದ್ಧವಾಗುವಂಥವು) ಅವನು ಕಾನೂನು ಪ್ರಕಾರವೇ ಕೊಂಡಿದ್ದ.

ಹಳೆಯ ಕಾನೂನಿನಲ್ಲಿದ್ದ ತೂತು ಇದು. ಸಣ್ಣ ಮ್ಯಾಗಜೀನ್, ಅಂದ್ರೆ ಗುಂಡು ತುಂಬುವ ಡಬ್ಬಿ, ಇರುವ ಸೆಮಿ ಆಟೋಮ್ಯಾಟಿಕ್ ರೈಫಲ್‌ಗೆ ಸಾಮಾನ್ಯ ಲೈಸೆನ್ಸ್ ಸಾಕಿತ್ತು. ಅದಕ್ಕೇ ದೊಡ್ಡ ಮ್ಯಾಗಜೀನ್ ಸಿಕ್ಕಿಸಿದರೆ ಅದು ಮಿಲಿಟರಿ ಮಾದರಿಯ ಬಂದೂಕು ಅನ್ನಿಸಿಕೊಂಡು ಬೇರೆ ಅನುಮತಿ ಬೇಕಾಗುತ್ತಿತ್ತು. ಆದರೆ ಆ ದೊಡ್ಡ ಮ್ಯಾಗಜೀನನ್ನು ಮಾತ್ರ ಬೇರೆಯಾಗಿ ಅಂಗಡಿಯಲ್ಲಿ ಕೊಳ್ಳಬಹುದಿತ್ತು! ಅದೂ ಅಲ್ಲದೆ ಲೈಸೆನ್ಸ್ ಇದ್ದದ್ದು ಮನುಷ್ಯನಿಗೆ, ಬಂದೂಕಿಗಲ್ಲ. ಸಾಮಾನ್ಯ ಲೈಸೆನ್ಸಿನವರ ಮನೆಯಲ್ಲಿ ಎರಡು ಬಂದೂಕು ಇದೆಯೋ ಇಪ್ಪತ್ತು ಇದೆಯೋ ಸರ್ಕಾರಕ್ಕೆ ಗೊತ್ತಿರಲಿಲ್ಲ.

ಆರು ದಿನ ಕಳೆದು ಮಾರ್ಚ್ 21ಕ್ಕೆ ಆಗಿನ ಪ್ರಧಾನಿ ಜೆಸಿಂಡಾ ಆರ್ಡರ್ನ್ ನಿಷೇಧ ಘೋಷಿಸಿದರು. ಜನ ಅವಸರದಲ್ಲಿ ಕೊಂಡು ಗುಡ್ಡೆ ಹಾಕಿಕೊಳ್ಳಬಾರದು ಅಂತ ಆ ದಿನವೇ ಆದೇಶ ಹೊರಡಿಸಿ ಮಾರಾಟ ಬಿಗಿ ಮಾಡಿದರು. ಏಪ್ರಿಲ್ 10ರಂದು ಸಂಸತ್ತಿನಲ್ಲಿ 119 ಮತ ಪರ, 1 ಮತ ವಿರುದ್ಧ. ಆ ಒಂದು ಮತ ಆಕ್ಟ್ ಪಕ್ಷದ ಡೇವಿಡ್ ಸೀಮೋರ್ ಅವರದು. ತಿಂಗಳೊಳಗೆ ಕಾನೂನು ಜಾರಿಗೂ ಬಂತು. ಹೆಚ್ಚಿನ ಸೆಮಿ ಆಟೋಮ್ಯಾಟಿಕ್‌ಗಳು, ದೊಡ್ಡ ಮ್ಯಾಗಜೀನ್‌ಗಳು, ಅವುಗಳ ಕೆಲವು ಬಿಡಿಭಾಗಗಳು ಹೋದವು. ಹತ್ತು ಗುಂಡಿನ ಒಳಗಿನ, ಸಣ್ಣ ಗುಂಡು ಹಾರಿಸುವ .22 ರಿಮ್‌ಫೈರ್, ಐದು ಗುಂಡಿನ ಒಳಗಿನ ಕೆಲವು ಶಾಟ್‌ಗನ್, ಒಂದೊಂದು ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯುವ ರೈಫಲ್ ಉಳಿದವು. ಹಾಗಾಗಿ "ನ್ಯೂಜಿಲೆಂಡಿನಲ್ಲಿ ಬಂದೂಕೇ ಇಲ್ಲ" ಅಂತ ಊರಿಗೆ ಫೋನ್ ಮಾಡಿದಾಗ ಹೇಳಬೇಡಿ. ಲೈಸೆನ್ಸ್ ಇರುವವರೇ ಎರಡು ಲಕ್ಷಕ್ಕೂ ಜಾಸ್ತಿ ಇದ್ದಾರೆ.

ನಿಷೇಧಿಸಿದ ಬಂದೂಕುಗಳನ್ನು ಸರ್ಕಾರ ದುಡ್ಡು ಕೊಟ್ಟು ವಾಪಸ್ ಕೊಳ್ಳುವ ಯೋಜನೆಯ ಮೊದಲ ಸಂಗ್ರಹ ಜುಲೈ 13ರಂದು ಕ್ರೈಸ್ಟ್‌ಚರ್ಚಿನಲ್ಲೇ ನಡೆಯಿತು. 169 ಜನ ಬಂದು 224 ಬಂದೂಕು ಕೊಟ್ಟರು. ಆಮೇಲೆ ಊರೂರಿನ ಹಾಲ್‌ಗಳಲ್ಲಿ, ಕ್ಲಬ್‌ಗಳಲ್ಲಿ. ಸರ್ಕಾರ ಮಾದರಿವಾರು ಬೆಲೆಪಟ್ಟಿ ಹಾಕಿತ್ತು. ಹೊಸದರಂತೆ ಇದ್ದರೆ ಪಟ್ಟಿಯ ಬೆಲೆಯ ಶೇ. 95, ಬಳಸಿದ್ದಾದರೆ ಶೇ. 70, ಕೆಟ್ಟ ಸ್ಥಿತಿಯಲ್ಲಿದ್ದರೆ ಶೇ. 25. ದುಡ್ಡು ಬ್ಯಾಂಕ್ ಖಾತೆಗೆ. ಡಿಸೆಂಬರ್ 20ಕ್ಕೆ ಬಾಗಿಲು ಹಾಕುವ ಹೊತ್ತಿಗೆ 56 ಸಾವಿರಕ್ಕೂ ಹೆಚ್ಚು ಬಂದೂಕು, ಒಂದು ಲಕ್ಷ 80 ಸಾವಿರಕ್ಕೂ ಹೆಚ್ಚು ಬಿಡಿಭಾಗ ಬಂದಿದ್ದವು.

ಈಗ ನಮ್ಮ ಹಿರಿಯರ ಮಾತಿಗೆ ಬರುತ್ತೇನೆ. ಅವರಿಗೆ ಆಗ ಎಪ್ಪತ್ತು ದಾಟಿತ್ತು, ಕಣ್ಣಿನ ಆಪರೇಷನ್ ಆಗಿತ್ತು, ಕಾರು ಓಡಿಸುವಂತಿರಲಿಲ್ಲ. ಬಂದೂಕು ಒಪ್ಪಿಸುವ ಜಾಗಕ್ಕೆ ಕರೆದುಕೊಂಡು ಹೋಗು ಅಂತ ನನ್ನನ್ನು ಕರೆದರು. ಹಿಂದಿನ ಸೀಟಿನಲ್ಲಿ ಉದ್ದನೆಯ ಹಸಿರು ಕ್ಯಾನ್ವಾಸ್ ಚೀಲ. ದಾರಿಯುದ್ದಕ್ಕೂ ಅವರು ಮಾತಾಡಿದ್ದು ಮೊಲದ ಬಗ್ಗೆ. ನಗಬೇಡಿ, ಇಲ್ಲಿ ಮೊಲ ಅಂದ್ರೆ ನಮ್ಮೂರಿನ ಕಾಡುಹಂದಿ ಇದ್ದ ಹಾಗೆ. ಮೊಲ, ಜಿಂಕೆ, ಪಾಸಮ್, ಕೆನಡಾ ಹೆಬ್ಬಾತು ಯಾವುದೂ ಈ ನೆಲದ್ದಲ್ಲ, ಎಲ್ಲಾ ಹೊರಗಿನವರು ತಂದು ಬಿಟ್ಟಿದ್ದು. ಮೊಲ ಹೆಚ್ಚಾದ ವರ್ಷ ದನಕ್ಕೆ ಇರಬೇಕಾದ ಹುಲ್ಲು ಅವುಗಳ ಪಾಲು, ಗುಡ್ಡ ಬೋಳು. ಗುಂಪಿನಲ್ಲಿ ಒಂದು ಬಿದ್ದ ಕೂಡಲೇ ಉಳಿದವು ಓಡುತ್ತವೆ, ಅದಕ್ಕೇ ಬೇಗ ಬೇಗ ಹೊಡೆಯುವ ಬಂದೂಕು ಬೇಕಾಗುತ್ತಿತ್ತು ಅಂದರು.

ನಾನು ಹೊರಗೆ ಪಾರ್ಕಿಂಗಿನಲ್ಲಿ ಕಾದೆ. ಮುಕ್ಕಾಲು ಗಂಟೆ ಆಗಿರಬೇಕು. ಬರುವಾಗ ಆ ಹಸಿರು ಚೀಲವನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡಿದ್ದರು. ಒಳಗೆ ಒಂದು ಹೈಡ್ರಾಲಿಕ್ ಯಂತ್ರ, ಅದರಲ್ಲಿ ನಳಿಗೆಯನ್ನು ಹಿಂಡಿ ಬಗ್ಗಿಸುತ್ತಾರಂತೆ. "ಪೊಲೀಸಿನವರು ಚೆನ್ನಾಗೇ ಮಾತಾಡಿಸಿದರು. ಬೆಲೆಯೂ ಪರವಾಗಿಲ್ಲ" ಅಂದರು. ಸ್ವಲ್ಪ ದೂರ ಬಂದ ಮೇಲೆ, "ಐವತ್ತು ವರ್ಷ ಬಂದೂಕು ಇಟ್ಟುಕೊಂಡು ಒಂದು ತಪ್ಪು ಮಾಡಿಲ್ಲ. ಆ ಕೊಲೆಗಾರನಿಗೆ ಲೈಸೆನ್ಸ್ ಕೊಟ್ಟವರು ಯಾರು? ನಾನಲ್ಲ ತಾನೇ?" ಅಂದರು. ಆಮೇಲೆ ಮನೆ ಬರುವ ತನಕ ಮಾತೇ ಇಲ್ಲ.

ಅವರ ಆ ಪ್ರಶ್ನೆಯಲ್ಲೇ ಇಲ್ಲಿನ ಬಂದೂಕುದಾರರ ಹೆಚ್ಚಿನ ಸಿಟ್ಟು ಇದೆ. ನಿಷೇಧವನ್ನೇ ಒಪ್ಪದವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಫೆಡರೇಟೆಡ್ ಫಾರ್ಮರ್ಸ್ ಅನ್ನುವ ರೈತರ ದೊಡ್ಡ ಸಂಘವೇ ನಿಷೇಧವನ್ನು ಬೆಂಬಲಿಸಿತ್ತು, ಕೆಲವರು ಕಾನೂನು ಬರುವ ಮೊದಲೇ ತಾವಾಗಿ ತಂದು ಒಪ್ಪಿಸಿದ್ದರು. ಜಾಸ್ತಿ ಜನರ ದೂರು ಇದ್ದದ್ದು ಅವಸರದ ಬಗ್ಗೆ, ಸಾರ್ವಜನಿಕರ ಅಭಿಪ್ರಾಯ ಕೇಳಲು ಕೊಟ್ಟ ಸಮಯ ತೀರಾ ಕಡಿಮೆ ಇದ್ದದ್ದರ ಬಗ್ಗೆ, ಪರಿಹಾರದ ಮೊತ್ತದ ಬಗ್ಗೆ, ಪೇಟೆಯಲ್ಲಿ ತಮ್ಮನ್ನು ನೋಡುವ ನೋಟ ಬದಲಾದದ್ದರ ಬಗ್ಗೆ. ಡಿಸೆಂಬರಿನಲ್ಲಿ ಇನ್ನೊಂದು ಎಡವಟ್ಟಾಯಿತು. ಬಂದೂಕು ಕೊಡುವವರು ಹೆಸರು, ವಿಳಾಸ ತುಂಬಿದ್ದ ಆನ್‌ಲೈನ್ ವ್ಯವಸ್ಥೆಯಲ್ಲಿ ಬೇರೆಯವರಿಗೂ ಆ ಮಾಹಿತಿ ಕಾಣುವಂತಾಗಿ, ಅದನ್ನು ಮುಚ್ಚಬೇಕಾಯಿತು. ಯಾರ ಮನೆಯಲ್ಲಿ ಬಂದೂಕು ಇದೆ ಅನ್ನುವ ಪಟ್ಟಿ ಕಳ್ಳರ ಕೈಗೆ ಸಿಕ್ಕಿದರೆ ಏನು ಗತಿ, ಹೇಳಿ. ಆ ಭಯ ನ್ಯಾಯವಾದದ್ದೇ.

ಲೈಸೆನ್ಸುದಾರರ ಒಕ್ಕೂಟ ಕೋಲ್ಫೋ ಪರವಾಗಿ ಆಗ ಮಾತಾಡುತ್ತಿದ್ದವರು ನಿಕೋಲ್ ಮೆಕೀ. 2020ರಲ್ಲಿ ಅವರು ಆಕ್ಟ್ ಪಕ್ಷದಿಂದ ಸಂಸತ್ತಿಗೆ ಹೋದರು, 2023ರಲ್ಲಿ ಸರ್ಕಾರ ಬದಲಾದಾಗ ಬಂದೂಕು ಕಾನೂನಿನ ಹೊಣೆಯ ಮಂತ್ರಿಯೂ ಆದರು. ಸಿಟ್ಟು ಬೀದಿಯಲ್ಲಿ ಉಳಿಯದೆ ಮತಪೆಟ್ಟಿಗೆಯ ದಾರಿ ಹಿಡಿಯಿತು, ಇದು ನನಗೆ ಈ ದೇಶದಲ್ಲಿ ತುಂಬಾ ಹಿಡಿಸಿದ ವಿಷಯ.

ನನ್ನ ಅಭಿಪ್ರಾಯ ಕೇಳಿದರೆ, ನಿಷೇಧ ಸರಿ. ನಿಮಿಷಗಳಲ್ಲಿ ಅಷ್ಟು ಜನರನ್ನು ಕೊಲ್ಲುವ ವಸ್ತು ಮೊಲಕ್ಕಾಗಿ ಅಂತ ಮನೆಯಲ್ಲಿ ಇರಬೇಕಾಗಿಲ್ಲ, ವೃತ್ತಿಯಾಗಿ ಪೀಡೆ ಪ್ರಾಣಿ ಹೊಡೆಯುವವರಿಗೆ ಪ್ರತ್ಯೇಕ ಅನುಮತಿಯ ದಾರಿ ಇದ್ದೇ ಇದೆ. ಆದರೆ ತಪ್ಪು ಮಾಡದವನಿಗೆ ಆದ ನೋವನ್ನು ನೋವು ಅಂತಲೇ ಒಪ್ಪಬೇಕು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರತಿ ಚುನಾವಣೆಗೂ ಠಾಣೆಗೆ ಹೋಗಿ ಕೋವಿ ಠೇವಣಿ ಇಟ್ಟು ಬರಬೇಕು, ಆ ದಿನಗಳಲ್ಲೇ ಹಂದಿ, ಮಂಗ ತೋಟಕ್ಕೆ ನುಗ್ಗುತ್ತವೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಪ್ಪಯ್ಯ ರಸೀದಿ ಹಿಡಿದುಕೊಂಡು ಬರುವಾಗ ಇರುತ್ತಿದ್ದ ಮುಖ ನನಗೆ ನೆನಪಿದೆ, ಆ ಹಿರಿಯರ ಮುಖವೂ ಥೇಟ್ ಹಾಗೇ ಇತ್ತು. ಒಂದೇ ವ್ಯತ್ಯಾಸ, ಅಪ್ಪಯ್ಯನಿಗೆ ಕೋವಿ ವಾಪಸ್ ಸಿಗುತ್ತಿತ್ತು.

ಕೊಡಗಿನವರಿಗೆ ಒಂದು ಮಾತು. ಊರಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ ಅದೇ 2019ರಲ್ಲಿ 2029ರ ತನಕ ಮುಂದುವರಿಸಿತು. ಅದು ಇಲ್ಲಿ ನಡೆಯುವುದಿಲ್ಲ. ಕೈಲ್ ಮುಹೂರ್ತಕ್ಕೆ ಪೂಜೆ ಮಾಡಬೇಕು ಅಂದರೂ ಬಂದೂಕು ಇಟ್ಟುಕೊಳ್ಳಲು ಇಲ್ಲಿನ ಲೈಸೆನ್ಸೇ ಬೇಕು.

ಲೈಸೆನ್ಸ್ ಬೇಕಾದವರಿಗೆ ದಾರಿ ಹೀಗೆ. 16 ವರ್ಷ ಆಗಿರಬೇಕು. ಸುರಕ್ಷತೆಯ ಪರೀಕ್ಷೆ ಪಾಸಾಗಬೇಕು. ನಿಮ್ಮ ಡಾಕ್ಟರ್ ವಿವರ ಕೊಡಬೇಕು. ಮನೆಗೆ ಬಂದು ಬಂದೂಕು ಇಡುವ ಬೀರು ನೋಡುತ್ತಾರೆ, ಅದು ಗಟ್ಟಿಯಾಗಿ ಬಿಗಿದಿರಬೇಕು, ಗುಂಡುಗಳನ್ನೂ ಬೇರೆಯಾಗಿ ಬೀಗ ಹಾಕಿ ಇಡಬೇಕು. ಹೆಂಡತಿಯನ್ನೋ ಗಂಡನನ್ನೋ ಮಾತಾಡಿಸಿ, ಈ ಮನುಷ್ಯನ ಕೈಗೆ ಬಂದೂಕು ಕೊಡಬಹುದಾ ಅಂತ ಕೇಳುತ್ತಾರೆ. ಅವಮಾನ ಅಂದುಕೊಳ್ಳಬೇಡಿ, ಎಲ್ಲರಿಗೂ ಹಾಗೇ. ಮೊದಲ ಲೈಸೆನ್ಸ್ ಐದು ವರ್ಷಕ್ಕೆ. 2023ರ ಜೂನಿನಿಂದ ಬಂದೂಕುಗಳ ನೋಂದಣಿಯೂ ಶುರುವಾಗಿದೆ. ಟೆ ಟಾರಿ ಪುರೆಕೆ ಅನ್ನುವ ಪ್ರಾಧಿಕಾರ ಅದನ್ನು ನೋಡಿಕೊಳ್ಳುತ್ತದೆ. ಯಾವ ಬಂದೂಕು ಯಾರ ಹತ್ತಿರ ಇದೆ ಅನ್ನುವ ಲೆಕ್ಕ 2019ರಲ್ಲಿ ಇಲ್ಲದ್ದರಿಂದಲೇ, ನಿಷೇಧಿಸಿದ ಬಂದೂಕು ದೇಶದಲ್ಲಿ ಒಟ್ಟು ಎಷ್ಟಿದ್ದವು, ಎಷ್ಟು ಉಳಿದವು ಅಂತ ಆಗ ಯಾರಿಗೂ ಗಟ್ಟಿಯಾಗಿ ಹೇಳಲು ಆಗಲಿಲ್ಲ.

ಗೆಳೆಯ ಬೇಟೆಗೆ ಕರೆದರೆ ಹೋಗಬಹುದು. ಲೈಸೆನ್ಸ್ ಇರುವವರು ಪಕ್ಕದಲ್ಲೇ ನಿಂತು ನೋಡಿಕೊಳ್ಳುತ್ತಿದ್ದರೆ ನೀವು ಹೊಡೆಯಲೂಬಹುದು. ಆದರೆ ಅವರ ಬಂದೂಕನ್ನು ನಿಮ್ಮ ಕಾರಿನಲ್ಲಿ, ನಿಮ್ಮ ಮನೆಯಲ್ಲಿ "ಒಂದು ರಾತ್ರಿ ತಾನೇ" ಅಂತ ಇಟ್ಟುಕೊಳ್ಳಬೇಡಿ. ನಿಷೇಧಿಸಿದ ಬಂದೂಕು ಸಿಕ್ಕಿಬಿದ್ದರೆ ಐದು ವರ್ಷದ ತನಕ ಜೈಲು ಆಗಬಹುದು, ವೀಸಾ ಕಥೆ ಬೇರೆ.

ಇನ್ನು ಬಾಡಿಗೆಗೆ ಹಿಡಿದ ಹಳೆಯ ಫಾರ್ಮ್ ಮನೆಯ ಶೆಡ್ಡಿನಲ್ಲಿ, ಅಟ್ಟದ ಮೇಲೆ, ಯಾರೋ ಬಿಟ್ಟುಹೋದ ಬಂದೂಕು ಸಿಕ್ಕಿತು ಅಂದುಕೊಳ್ಳಿ. ಮುಟ್ಟಬೇಡಿ. ಮಕ್ಕಳನ್ನು ದೂರ ಕಳಿಸಿ. ಅದನ್ನು ಎತ್ತಿಕೊಂಡು ಠಾಣೆಗೆ ನಡೆಯಬೇಡಿ, ಮೊದಲು 105ಕ್ಕೆ, ಅಂದ್ರೆ ತುರ್ತಲ್ಲದ ವಿಷಯಕ್ಕೆ ಇರುವ ಪೊಲೀಸ್ ನಂಬರಿಗೆ, ಫೋನ್ ಮಾಡಿ. ಎಲ್ಲಿ ಸಿಕ್ಕಿತು, ಹೇಗಿದೆ ಅಂತ ಹೇಳಿ. ಅವರೇ ಬಂದು ತೆಗೆದುಕೊಂಡು ಹೋಗುತ್ತಾರೆ ಅಥವಾ ಏನು ಮಾಡಬೇಕು ಅಂತ ತಿಳಿಸುತ್ತಾರೆ.